ಕಿವಿಯ ಹವ್ಯಾಸ, ಮನೆಯವರ ಮಾತು

ಹವ್ಯಾಸಗಳಲ್ಲಿ ಕಣ್ಣಿಗೆ ಕಾಣುವಂಥವು ಕೆಲವು, ಕಾಣದಂಥವು ಕೆಲವು. ಅಂಚೆಚೀಟಿ ಸಂಗ್ರಹಿಸುವವರ ಬಳಿ ಆಲ್ಬಂ ಇರುತ್ತದೆ. ತೋಟದ ಹುಚ್ಚಿನವರ ಹಿತ್ತಿಲಲ್ಲಿ ನಾಲ್ಕು ಬದನೆಕಾಯಿಯಾದರೂ ಬಿಡುತ್ತವೆ. ಮನೆಗೆ ಬಂದ ನೆಂಟರಿಗೆ ಅವನ್ನು ತೋರಿಸಬಹುದು. ಆದರೆ ಕೇಳುವುದನ್ನೇ ಹವ್ಯಾಸ ಮಾಡಿಕೊಂಡವರ ಬಳಿ ತೋರಿಸಲು ಏನಿದೆ? ಮೇಜಿನ ಮೇಲೊಂದು ಪೆಟ್ಟಿಗೆ, ಮಾಡಿನ ಮೇಲೊಂದು ಏರಿಯಲ್, ಕಿವಿಗೊಂದು ಹೆಡ್‌ಫೋನ್. ಗಂಟೆಗಟ್ಟಲೆ ಕುಳಿತು ಅವರು ಪಡೆದದ್ದೇನು ಎಂಬುದು ಅವರಿಗಷ್ಟೇ ಗೊತ್ತು. ಮೈ ಮನೆಯಲ್ಲಿ, ಕಿವಿ ಹೊರಗೆ. ಇಂಥವರೊಂದಿಗೆ ಬಾಳುವವರ ಪಾಡೇನು ಎಂಬ ಪ್ರಶ್ನೆ ಮೇಲ್ನೋಟಕ್ಕೆ ತಮಾಷೆಯದು. ಆದರೆ ಅದರ ಹಿಂದೆ ಗಂಭೀರವಾದ ಒಂದು ಇತಿಹಾಸವೂ ಇದೆ.

ರೇಡಿಯೊ ಸ್ಕ್ಯಾನರ್ ಎಂಬುದು ನಮಗೆ ಪರಿಚಿತವಾದ ರೇಡಿಯೊಗಿಂತ ಬೇರೆ ಜಾತಿಯ ಯಂತ್ರ. ಸಾಮಾನ್ಯ ರೇಡಿಯೊವನ್ನು ಒಂದು ಕೇಂದ್ರಕ್ಕೆ ತಿರುಗಿಸಿದರೆ ಅದು ಅಲ್ಲೇ ನಿಲ್ಲುತ್ತದೆ. ಸ್ಕ್ಯಾನರ್ ನಿಲ್ಲುವುದಿಲ್ಲ. ಪೊಲೀಸರು, ಅಗ್ನಿಶಾಮಕ ದಳದವರು, ಆಂಬುಲೆನ್ಸಿನವರು, ವಿಮಾನ ಮತ್ತು ರೈಲುಗಳ ಸಿಬ್ಬಂದಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ತರಂಗಾಂತರಗಳನ್ನು ಅದು ಒಂದರ ಹಿಂದೊಂದರಂತೆ ತಡಕುತ್ತಾ ಹೋಗುತ್ತದೆ. ಎಲ್ಲಿ ಮಾತು ಸಿಕ್ಕಿತೋ ಅಲ್ಲಿ ತಂಗುತ್ತದೆ. ಮಾತು ಮುಗಿದೊಡನೆ ಮತ್ತೆ ಓಟ. ಮಾತಿಲ್ಲದಾಗ ಬರುವ ಬರಿಯ ಸುಯ್ ಸದ್ದನ್ನು ಅಡಗಿಸಲು ಸ್ಕ್ವೆಲ್ಚ್ ಎಂಬ ಏರ್ಪಾಡು ಇರುತ್ತದೆ. 1970ರ ದಶಕದಲ್ಲಿ ಇದು ಅಮೆರಿಕದ ಮನೆಗಳಲ್ಲಿ ಜನಪ್ರಿಯವಾಯಿತು. ಮೊದಮೊದಲು ಒಂದೊಂದು ತರಂಗಾಂತರಕ್ಕೂ ಒಂದೊಂದು ಕ್ರಿಸ್ಟಲ್ ಕೊಂಡು ಕೂರಿಸಬೇಕಿತ್ತು. ಹೊಸ ಚಾನಲ್ ಬೇಕೆಂದರೆ ಮತ್ತೊಂದು ಕ್ರಿಸ್ಟಲ್ಲಿಗೆ ದುಡ್ಡು ತೆರಬೇಕು. ಆ ದಶಕದ ಕೊನೆಯ ಹೊತ್ತಿಗೆ ಗುಂಡಿ ಒತ್ತಿ ಅಂಕಿ ನಮೂದಿಸಿದರೆ ಸಾಕೆನ್ನುವ ಯಂತ್ರಗಳು ಬಂದವು.

ಮನೆಯವರ ದೂರು ಈ ಯಂತ್ರದ ಸ್ವಭಾವದಲ್ಲೇ ಅಡಗಿದೆ. ಹಾಡಿಗೆ, ನಾಟಕಕ್ಕೆ, ವಾರ್ತೆಗೆ ಒಂದು ಹೊತ್ತಿದೆ. ಒಂಬತ್ತಕ್ಕೆ ಶುರುವಾದದ್ದು ಒಂಬತ್ತೂವರೆಗೆ ಮುಗಿಯುತ್ತದೆ; ಆಮೇಲೆ ಊಟಕ್ಕೆ ಏಳಬಹುದು. ಸ್ಕ್ಯಾನರಿಗೆ ಶುರು ಇಲ್ಲ, ಮುಗಿಯುವುದೂ ಇಲ್ಲ. ಹತ್ತು ನಿಮಿಷ ಮೌನವಾಗಿದ್ದು ಹನ್ನೊಂದನೆಯ ನಿಮಿಷಕ್ಕೆ ಎರಡು ವಾಕ್ಯ ಉಗುಳಿ ಮತ್ತೆ ಸುಮ್ಮನಾಗುತ್ತದೆ. ಆ ಎರಡು ವಾಕ್ಯವೂ ಸಂಕೇತಗಳಲ್ಲಿ. ‘ಟೆನ್-ಫೋರ್’ ಎಂದರೆ ‘ಸರಿ, ಕೇಳಿಸಿತು’ ಎಂದು ಅರ್ಥ. ಬಲ್ಲವರಿಗೆ ಅದೊಂದು ಕಥೆಯ ತುಣುಕು, ಪಕ್ಕದವರಿಗೆ ಬರಿಯ ಗದ್ದಲ. ಸದ್ದಿಗೆ ಹೇಗೋ ಹೊಂದಿಕೊಳ್ಳಬಹುದು. ಆದರೆ ಹೆಂಡತಿ ಏನೋ ಹೇಳುತ್ತಿರುವಾಗ ಗಂಡ ಕೈಯೆತ್ತಿ ‘ಶ್, ಒಂದು ನಿಮಿಷ’ ಎನ್ನುತ್ತಾನಲ್ಲ, ಜಗಳ ಹುಟ್ಟುವುದು ಅಲ್ಲಿ. ಯಾರೋ ಅಪರಿಚಿತರ ಮಾತಿಗೆ ಸಿಕ್ಕ ಗಮನ ಮನೆಯವರ ಮಾತಿಗೆ ಸಿಗಲಿಲ್ಲವೆಂಬುದು ಆ ಜಗಳದ ಮೂಲ.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ಸ್ಕ್ಯಾನರ್ ಇರುವ ಮನೆಯಲ್ಲಿ ಒಬ್ಬರು ಮೊದಲ ಅರ್ಥದಲ್ಲಿ ಕೇಳುತ್ತಿದ್ದರೆ ಉಳಿದವರು ಎರಡನೆಯ ಅರ್ಥದಲ್ಲಿ ಕೇಳುತ್ತಿರುತ್ತಾರೆ: ಅದರಲ್ಲಿ ನಿಮಗೇನು ಸಿಗುತ್ತದೆ? ಬೇರೆಯವರ ಕಷ್ಟ ಕೇಳಿ ಏನಾಗಬೇಕಾಗಿದೆ? ಕೇಳಿದ್ದನ್ನು ಯಾರಿಗೆ ಹೇಳುತ್ತೀರಿ? ಈ ಮೂರರಲ್ಲಿ ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು.

ಎಲ್ಲ ಮನೆಗಳಲ್ಲೂ ಸ್ಕ್ಯಾನರ್ ಸವತಿಯಾಗಿರಲಿಲ್ಲ. ಅಮೆರಿಕದ ಸಣ್ಣ ಊರುಗಳಲ್ಲಿ ಬೆಂಕಿ ನಂದಿಸುವವರು ಹೆಚ್ಚಾಗಿ ಊರಿನ ಸ್ವಯಂಸೇವಕರೇ. ಅಂಥವರ ಮನೆಗಳಲ್ಲಿ ಹೆಂಡತಿ ಮಕ್ಕಳೇ ಸ್ಕ್ಯಾನರ್ ಮುಂದೆ ಕೂರುವುದುಂಟು. ಬೆಂಕಿ ಬಿದ್ದ ಕಟ್ಟಡದೊಳಗೆ ಯಾರು ಹೋದರು, ಯಾರು ಹೊರಬಂದರು ಎಂಬುದು ಅದರಿಂದ ಗೊತ್ತಾಗುತ್ತದೆ. ತಮ್ಮವರ ದನಿ ಕೇಳಿಸಿದರೆ ಎದೆ ಹಗುರಾಗುತ್ತದೆ. ದನಿ ಕೇಳಿಸದೇ ಹೋದರೆ ಆ ಮೌನದಷ್ಟು ಭಾರವಾದದ್ದು ಇನ್ನೊಂದಿಲ್ಲ. ಆದ್ದರಿಂದ ಇಂಥ ಮನೆಗಳಲ್ಲೂ ಎರಡು ಪಕ್ಷ: ಕೇಳಿಯೇ ಇರಬೇಕೆನ್ನುವವರು ಕೆಲವರು, ಕೇಳದಿರುವುದೇ ಲೇಸು ಎನ್ನುವವರು ಕೆಲವರು.

ಗಂಡ ಹೆಂಡಿರು ಜೊತೆಯಾಗಿ ಕೇಳಿದ್ದೂ ಉಂಟು. 1996ರ ಡಿಸೆಂಬರಿನಲ್ಲಿ ಫ್ಲಾರಿಡಾದ ದಂಪತಿಯೊಬ್ಬರ ಸ್ಕ್ಯಾನರಿಗೆ ಒಂದು ಮೊಬೈಲ್ ಸಂಭಾಷಣೆ ಸಿಕ್ಕಿತು. ಮಾತಾಡುತ್ತಿದ್ದವರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಅಧ್ಯಕ್ಷ ನ್ಯೂಟ್ ಗಿಂಗ್ರಿಚ್ ಇದ್ದರು. ದಂಪತಿ ಅದನ್ನು ಟೇಪ್ ಮಾಡಿದರು. ಟೇಪು ವಿರೋಧ ಪಕ್ಷದ ಸದಸ್ಯರೊಬ್ಬರ ಕೈಸೇರಿ, 1997ರ ಜನವರಿಯಲ್ಲಿ ಅದರ ಸಾರಾಂಶ ಪತ್ರಿಕೆಯಲ್ಲಿ ಅಚ್ಚಾಯಿತು. ಮೊಬೈಲ್ ಮಾತನ್ನು ಕದ್ದು ಕೇಳುವುದನ್ನು ಅಮೆರಿಕ 1986ರಲ್ಲೇ ನಿಷೇಧಿಸಿತ್ತು. ಆ ತರಂಗಾಂತರ ಹಿಡಿಯುವ ಸ್ಕ್ಯಾನರುಗಳ ತಯಾರಿಕೆಯನ್ನೂ 1994ರಲ್ಲಿ ನಿಲ್ಲಿಸಲಾಗಿತ್ತು. ಹಳೆಯ ಯಂತ್ರಗಳು ಮಾತ್ರ ಮನೆಗಳಲ್ಲಿ ಉಳಿದಿದ್ದವು. ಇಬ್ಬರೂ ತಪ್ಪೊಪ್ಪಿಕೊಂಡು ತಲಾ 500 ಡಾಲರ್ ದಂಡ ತೆತ್ತರು. ಮನೆಯೊಳಗಿನ ಕೌತುಕ ಹೊಸಿಲು ದಾಟಿದಾಗ ಅಪರಾಧವಾಯಿತು. ಬ್ರಿಟನ್ನಿನ ಕಾನೂನು ಇನ್ನೂ ಬಿಗಿ. ಅಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳಬಹುದು. ಆದರೆ ತಮಗಲ್ಲದ ಸಂದೇಶವನ್ನು ಅಧಿಕಾರವಿಲ್ಲದೆ ಆಲಿಸುವುದೂ ತಪ್ಪು, ಅದರಲ್ಲಿ ಏನಿತ್ತೆಂದು ಇನ್ನೊಬ್ಬರಿಗೆ ತಿಳಿಸುವುದೂ ತಪ್ಪು. ಆ ‘ಇನ್ನೊಬ್ಬರು’ ಮನೆಯವರೇ ಆಗಿದ್ದರೂ ಕಾನೂನು ವಿನಾಯಿತಿ ಕೊಡುವುದಿಲ್ಲ.

ಹೇಳಬಾರದೆಂಬ ಈ ಕಟ್ಟು ಅತ್ಯಂತ ಬಿಗಿಯಾಗಿದ್ದ ಕಾಲವೊಂದಿತ್ತು. ಅದು ಎರಡನೆಯ ಮಹಾಯುದ್ಧದ ಕಾಲ. ಸ್ಕ್ಯಾನರ್ ಇನ್ನೂ ಹುಟ್ಟಿರಲಿಲ್ಲ, ಆದರೆ ಕಿವಿಯ ಹವ್ಯಾಸ ಆಗಲೇ ಬಲವಾಗಿತ್ತು. 1939ರಲ್ಲಿ ಯುದ್ಧ ಶುರುವಾದೊಡನೆ ಬ್ರಿಟನ್ನಿನ ಹವ್ಯಾಸಿಗಳ ಪ್ರಸಾರ ಯಂತ್ರಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಆದರೆ ಆಲಿಸುವ ಕೌಶಲಕ್ಕೆ ಅದು ಬೇರೆಯೇ ಉಪಯೋಗ ಕಂಡುಕೊಂಡಿತು. ರೇಡಿಯೊ ಸೆಕ್ಯುರಿಟಿ ಸರ್ವಿಸ್ ಎಂಬ ಗುಪ್ತ ಸಂಸ್ಥೆ ಸುಮಾರು 1,500 ಹವ್ಯಾಸಿಗಳನ್ನು ಸ್ವಯಂಸೇವಕರನ್ನಾಗಿ ಸೇರಿಸಿಕೊಂಡಿತು. ಹಗಲೆಲ್ಲ ತಮ್ಮ ಕೆಲಸ ಮುಗಿಸಿ ಬಂದು ಸಂಜೆ, ರಾತ್ರಿ ಅವರು ಮನೆಯ ಮೂಲೆಯಲ್ಲಿ ಹೆಡ್‌ಫೋನ್ ತೊಟ್ಟು ಕೂರುತ್ತಿದ್ದರು. ಜರ್ಮನ್ ಗೂಢಚಾರ ಸಂಸ್ಥೆಯಾದ ಆಬ್‌ವೆಹ್ರ್‌ನ ಕ್ಷೀಣವಾದ ಮೋರ್ಸ್ ಸಂಕೇತಗಳನ್ನು ಹುಡುಕಿ, ಅಕ್ಷರ ಅಕ್ಷರವಾಗಿ ಬರೆದುಕೊಂಡು, ಬಾರ್ನೆಟ್ ಎಂಬ ಊರಿನ ಅಂಚೆಪೆಟ್ಟಿಗೆ ಸಂಖ್ಯೆ 25ಕ್ಕೆ ಕಳುಹಿಸುತ್ತಿದ್ದರು. ಅದು ಗುಪ್ತಲಿಪಿಯಾದ್ದರಿಂದ ಬರೆದವರಿಗೇ ಅರ್ಥ ಗೊತ್ತಿರುತ್ತಿರಲಿಲ್ಲ. ಅದನ್ನು ಬಿಡಿಸುವ ಕೆಲಸ ಬೇರೆಡೆ ನಡೆಯುತ್ತಿತ್ತು.

ಮನೆಯವರ ಸ್ಥಿತಿಯನ್ನು ಊಹಿಸಿ ನೋಡಿ. ಗೋಪ್ಯತೆಯ ಪ್ರಮಾಣಕ್ಕೆ ಸಹಿ ಹಾಕಿದ ಗಂಡ ಏನು ಮಾಡುತ್ತಿದ್ದೇನೆಂದು ಹೇಳುವಂತಿಲ್ಲ. ಹೇಳಬಹುದಾಗಿದ್ದರೂ ತಾನು ಕೇಳಿದ್ದೇನೆಂದು ಅವನಿಗೇ ತಿಳಿಯದು. ಹೊರಗೆ ಬಾಂಬು ಬೀಳುತ್ತಿರುವಾಗ, ಉಳಿದ ಗಂಡಸರೆಲ್ಲ ಸಮವಸ್ತ್ರ ತೊಟ್ಟಿರುವಾಗ, ಈತನೊಬ್ಬ ಮೂಲೆಯಲ್ಲಿ ಕುಳಿತು ರೇಡಿಯೊ ತಿರುಗಿಸುತ್ತಾನೆ. ನೆರೆಹೊರೆಯವರು ಯುದ್ಧಗಳ್ಳನೆಂದು ಅನುಮಾನಿಸಲು ಇಷ್ಟು ಸಾಕಲ್ಲವೇ? ಆ ಅನುಮಾನ ತಪ್ಪಿಸಲೆಂದೇ ಕೆಲವರಿಗೆ ರಾಯಲ್ ಅಬ್ಸರ್ವರ್ ಕೋರ್ ಎಂಬ ದಳದ ಸಮವಸ್ತ್ರ ಕೊಡಲಾಗಿತ್ತು. ಇವರು ಬರೆದುಕೊಟ್ಟ ಅಕ್ಷರಗಳ ನೆರವಿನಿಂದ ಆಬ್‌ವೆಹ್ರ್‌ನ ಗುಪ್ತಲಿಪಿಗಳು ಬಯಲಾದವು; ಜರ್ಮನ್ ಗೂಢಚಾರರನ್ನು ಹಿಡಿದು ತಿರುಮಂತ್ರ ಹಾಕಲು ಬ್ರಿಟನ್ನಿಗೆ ಸಾಧ್ಯವಾಯಿತು. ಸಂಗತಿ ಸಾರ್ವಜನಿಕರಿಗೆ ತಿಳಿದದ್ದು 1979ರಲ್ಲಿ, ಬಿಬಿಸಿಯ ಒಂದು ಸಾಕ್ಷ್ಯಚಿತ್ರದಿಂದ. ಯುದ್ಧ ಮುಗಿದು ಆಗಲೇ 34 ವರ್ಷ. ಗಂಡನ ಹುಚ್ಚು ಎಂದುಕೊಂಡು ಸಹಿಸಿದ್ದು ದೇಶದ ಕೆಲಸವಾಗಿತ್ತೆಂದು ತಿಳಿಯುವ ಮೊದಲೇ ಕಣ್ಣು ಮುಚ್ಚಿದ ಹೆಂಡತಿಯರು ಎಷ್ಟು ಮಂದಿಯೋ.

ಅದೇ ಯುದ್ಧದಲ್ಲಿ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸ ನಡೆಯಿತು. ಬರ್ಲಿನ್ ರೇಡಿಯೊ ತನ್ನ ಶಾರ್ಟ್‌ವೇವ್ ಪ್ರಚಾರ ಕಾರ್ಯಕ್ರಮಗಳ ನಡುವೆ ಸೆರೆಸಿಕ್ಕ ಅಮೆರಿಕನ್ ಸೈನಿಕರ ಹೆಸರು ಮತ್ತು ಮನೆಯ ವಿಳಾಸಗಳನ್ನು ಓದುತ್ತಿತ್ತು. ತನ್ನವರ ಸುದ್ದಿಗಾಗಿಯಾದರೂ ಜನ ಪ್ರಚಾರವನ್ನು ಕೇಳಲಿ ಎಂಬುದು ಅದರ ಉಪಾಯ. ಅಮೆರಿಕದ ಶಾರ್ಟ್‌ವೇವ್ ಹವ್ಯಾಸಿಗಳು ಪ್ರಚಾರವನ್ನು ಪಕ್ಕಕ್ಕಿಟ್ಟು ಹೆಸರುಗಳನ್ನಷ್ಟೇ ಬರೆದುಕೊಂಡರು. ರಾತ್ರಿ ಕೇಳಿದ್ದನ್ನು ಬೆಳಿಗ್ಗೆ ಕಾರ್ಡಿನಲ್ಲಿ ಬರೆದು ಆ ವಿಳಾಸಗಳಿಗೆ ಅಂಚೆಗೆ ಹಾಕಿದರು. ಮಗ ನಾಪತ್ತೆ ಎಂಬ ತಂತಿ ಬಂದು ಕಂಗೆಟ್ಟಿದ್ದ ತಾಯಿಗೆ ಗುರುತು ಪರಿಚಯವಿಲ್ಲದವರಿಂದ ಕಾಗದ: ನಿಮ್ಮ ಮಗ ಜೀವಂತವಾಗಿದ್ದಾನಂತೆ, ರೇಡಿಯೊದಲ್ಲಿ ಕೇಳಿದೆವು. ಒಬ್ಬನೇ ಸೈನಿಕನ ಮನೆಗೆ ಬೇರೆಬೇರೆ ಊರುಗಳಿಂದ ಹತ್ತಾರು ಕಾಗದಗಳು ಬಂದದ್ದುಂಟು. ಶತ್ರುವಿನ ಮಾತನ್ನು ಪೂರ್ತಿ ನಂಬಬೇಡಿ ಎಂದು ಸರ್ಕಾರ ಎಚ್ಚರಿಸಿತ್ತು. ಆ ಎಚ್ಚರಿಕೆ ಸರಿಯಾದದ್ದೇ. ಆದರೂ ಎಷ್ಟೋ ಮನೆಗಳು ಆ ಕಾರ್ಡುಗಳನ್ನು ಟ್ರಂಕಿನಲ್ಲಿಟ್ಟು ಕಾಪಾಡಿದವು. ಅಂಥ ಒಂದು ಟ್ರಂಕು ಸೈನಿಕನ ಮೊಮ್ಮಗಳ ಕೈಗೆ ಸಿಕ್ಕಿ, ಆಕೆ ಆ ಕಾಗದ ಬರೆದವರನ್ನು ಹುಡುಕಿಕೊಂಡು ಹೋಗಿ 2007ರಲ್ಲಿ ಪುಸ್ತಕವೊಂದನ್ನೇ ಹೊರತಂದರು.

ಕೇಳಿದ್ದನ್ನು ಹೇಳುವುದರಿಂದ ಆಗುವ ಉಪಕಾರಕ್ಕೆ ಇದು ಸಾಕ್ಷಿಯಾದರೆ, ಅಪಕಾರಕ್ಕೂ ಸಾಕ್ಷಿಯಿದೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬು ಸ್ಫೋಟಿಸಿತು. ದುಷ್ಕರ್ಮಿಗಳನ್ನು ಬೆನ್ನಟ್ಟಿದ ಪೊಲೀಸರ ಮಾತನ್ನು ಆ ರಾತ್ರಿ ಅಸಂಖ್ಯಾತ ಜನ ಇಂಟರ್‌ನೆಟ್ಟಿನ ಮೂಲಕ ಆಲಿಸಿದರು. ಸ್ಕ್ಯಾನರಿನಲ್ಲಿ ಶಂಕಿತನ ಹೆಸರು ಕೇಳಿಬಂತೆಂದು ಯಾರೋ ಹೇಳಿದರು. ಅದು ಒಂದು ತಿಂಗಳಿಂದ ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಹೆಸರು. ಬೆಳಗಾಗುವುದರೊಳಗೆ ಸುದ್ದಿ ಸುಳ್ಳೆಂದು ತಿಳಿಯಿತು. ಅವನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಮಗನಿಗಾಗಿ ಕಾಯುತ್ತಿದ್ದ ಆ ಮನೆಯವರು ಅಷ್ಟರಲ್ಲಿ ಬೈಗುಳ, ಬೆದರಿಕೆ ಎಲ್ಲವನ್ನೂ ಉಂಡಾಗಿತ್ತು. ಕೆಲವೇ ದಿನಗಳಲ್ಲಿ ಅವನ ಶವ ಪ್ರಾವಿಡೆನ್ಸ್ ಊರಿನ ಬಳಿ ನದಿಯಲ್ಲಿ ಸಿಕ್ಕಿತು. 1943ರ ಕಾರ್ಡು ಒಂದು ತಾಯಿಗೆ ಮಗನ ಸುದ್ದಿ ಮುಟ್ಟಿಸಿದ್ದರೆ, 2013ರ ವದಂತಿ ಮತ್ತೊಂದು ತಾಯಿಯ ಸಂಕಟಕ್ಕೆ ಬೆಂಕಿಯಿಟ್ಟಿತು. ಕಾರ್ಡು ಬರೆದವರು ವಿಳಾಸವನ್ನು ಸರಿಯಾಗಿ ಬರೆದುಕೊಂಡು, ಸಂಬಂಧಪಟ್ಟವರಿಗೆ ಮಾತ್ರ ತಿಳಿಸಿದ್ದರು. ಈ ವದಂತಿಗೆ ಆ ಎರಡೂ ಇರಲಿಲ್ಲ.

ಭಾರತದಲ್ಲಿ ಸ್ಕ್ಯಾನರ್ ಹವ್ಯಾಸ ಬೇರೂರಲಿಲ್ಲ. ಪರವಾನಗಿಯಿಲ್ಲದೆ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವುದನ್ನೇ 1933ರ ಕಾಯಿದೆ ನಿಷೇಧಿಸಿತ್ತು. ಹಾಡು ಕೇಳುವ ರೇಡಿಯೊಗೂ 1980ರ ದಶಕದವರೆಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಆದರೆ ಕಿವಿಯ ಹವ್ಯಾಸ ಕನ್ನಡಿಗರಿಗೆ ಹೊಸದಲ್ಲ. ಆಕಾಶವಾಣಿ ಹುಟ್ಟಿದ್ದೇ 1935ರಲ್ಲಿ, ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ. ಮುಂದೆ ಶಾರ್ಟ್‌ವೇವ್ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿ ದೂರದೇಶದ ಕೇಂದ್ರ ಹಿಡಿಯುವವರು ಊರೂರಲ್ಲಿ ಇದ್ದರು. ಯಾವ ಹೊತ್ತಿಗೆ, ಯಾವ ಮೀಟರಿನಲ್ಲಿ, ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದು ಬರೆದರೆ ಆ ಕೇಂದ್ರದಿಂದ ಕ್ಯೂಎಸ್‌ಎಲ್ ಕಾರ್ಡ್ ಎಂಬ ಬಣ್ಣದ ಚೀಟಿ ಅಂಚೆಯಲ್ಲಿ ಬರುತ್ತಿತ್ತು. ಕಾಣದ ಹವ್ಯಾಸಕ್ಕೆ ಅದೊಂದೇ ಕಾಣುವ ಪುರಾವೆ. ವಿದೇಶದ ಅಂಚೆಚೀಟಿ ಹೊತ್ತ ಲಕೋಟೆ ಮನೆಯ ವಿಳಾಸಕ್ಕೆ ಬಂದ ಮೇಲೆ ‘ಆ ಕರಕರ ಸದ್ದು ನಿಲ್ಲಿಸೋ’ ಎನ್ನುತ್ತಿದ್ದ ಅಪ್ಪನೂ ಅದನ್ನು ಪಕ್ಕದ ಮನೆಯವರಿಗೆ ತೋರಿಸದೆ ಇರುತ್ತಿರಲಿಲ್ಲ.

ಈಗ ಅಮೆರಿಕದ ಅನೇಕ ನಗರಗಳ ಪೊಲೀಸರು ತಮ್ಮ ಮಾತನ್ನು ಗುಪ್ತಲಿಪಿಗೆ ಬದಲಿಸುತ್ತಿದ್ದಾರೆ. ಷಿಕಾಗೊ 2022ರ ಹೊತ್ತಿಗೆ, ನ್ಯೂಯಾರ್ಕ್ 2023ರಲ್ಲಿ ಆ ದಾರಿ ಹಿಡಿದವು. ಉಳಿದದ್ದನ್ನು ಕೇಳಲು ಪೆಟ್ಟಿಗೆ, ಏರಿಯಲ್ ಯಾವುದೂ ಬೇಡ. ಕೈಯಲ್ಲಿರುವ ಫೋನೇ ಸಾಕು. ಕಿವಿಯೊಳಗಿನ ಗುಬಟಿನಲ್ಲಿ ಏನು ಕೇಳುತ್ತಿದೆಯೆಂದು ಪಕ್ಕದಲ್ಲಿ ಕುಳಿತವರಿಗೂ ತಿಳಿಯದು. ಹಳೆಯ ಸ್ಕ್ಯಾನರಿನ ಗದ್ದಲದಿಂದ ಮನೆಯವರಿಗೆ ಕಿರಿಕಿರಿಯಾಗುತ್ತಿತ್ತು, ನಿಜ. ಆದರೆ ಆ ಗದ್ದಲ ಇದ್ದುದರಿಂದಲೇ ಅವರು ಗೊಣಗುತ್ತಿದ್ದರು, ಗೊಣಗುತ್ತಲೇ ‘ಏನಂತೆ?’ ಎಂದು ವಿಚಾರಿಸುತ್ತಿದ್ದರು, ‘ಅದನ್ನು ಹೊರಗೆ ಆಡಬೇಡಿ’ ಎಂದು ಬುದ್ಧಿಯನ್ನೂ ಹೇಳುತ್ತಿದ್ದರು. ಕಿವಿಗೆ ಬಿದ್ದದ್ದು ಬಾಯಿಗೆ ಬರುವ ಮುಂಚೆ ಅಂಥ ಒಂದು ಮಾತು ಮನೆಯಲ್ಲಿ ನಡೆಯುವುದು ಕೇಳುವವರಿಗೂ ಕ್ಷೇಮ, ಯಾರ ಸುದ್ದಿಯನ್ನು ಕೇಳುತ್ತಿದ್ದಾರೋ ಅವರಿಗೂ ಕ್ಷೇಮ.