ಕೆಸರಿನ ಕಾಲಲ್ಲೇ ಬನ್ನಿರಿ

(ಸಿರುಗುಪ್ಪದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಶುಕ್ರವಾರದಂದು ಜಾಗ ಸಾಲದೆ ಅಂಗಳದಲ್ಲಿ ಚಾಪೆ ಹಾಸಬೇಕಾಗುವ ಮಸೀದಿಗಳೇ ಶನಿವಾರದ ಮುಂಜಾನೆ ಒಂದೂವರೆ ಸಾಲಿಗೆ ಇಳಿಯುತ್ತವೆ. ಇದು ಎಲ್ಲ ಊರುಗಳ ಕತೆ, ಸಿರುಗುಪ್ಪವೂ ಅದಕ್ಕೆ ಹೊರತಲ್ಲ. ಇದಕ್ಕೆ ಕಾರಣ ಹುಡುಕುವಾಗ ನಾವು ಸಾಮಾನ್ಯವಾಗಿ ಸೋಮಾರಿತನವನ್ನೋ ಟಿ.ವಿ., ಮೊಬೈಲನ್ನೋ ದೂರುತ್ತೇವೆ. ಆದರೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಯುವಕನನ್ನು, ರಾತ್ರಿಯಿಡೀ ಲಾರಿ ಓಡಿಸಿ ಬಂದ ಚಾಲಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾವಧಾನವಾಗಿ ಕೇಳಿ ನೋಡಿರಿ. ಅವರಲ್ಲಿ ಹೆಚ್ಚಿನವರು ಹೇಳುವ ಉತ್ತರ ಬೇರೆಯೇ ಆಗಿರುತ್ತದೆ: "ನಾವು ಅಷ್ಟು ಒಳ್ಳೆಯವರಲ್ಲ. ಕೆಲವು ಕೆಟ್ಟ ಅಭ್ಯಾಸಗಳಿವೆ. ಮೊದಲು ಅವುಗಳನ್ನು ಬಿಟ್ಟು ಆಮೇಲೆ ನಮಾಝ್ ಶುರು ಮಾಡುತ್ತೇವೆ. ಇವನ್ನೆಲ್ಲ ಇಟ್ಟುಕೊಂಡು ಅಲ್ಲಾಹನ ಮುಂದೆ ನಿಲ್ಲುವುದು ಮೋಸವಲ್ಲವೇ?"

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಬಾರದು. ಇದರಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇದೆ. ಕಪಟಿಗೆ ಇಂತಹ ಸಂಕೋಚ ಬರುವುದಿಲ್ಲ. ಆದರೆ ಇದರ ಪರಿಣಾಮವೇನು? 'ಆಮೇಲೆ' ಎಂಬುದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಭತ್ತದ ಕಟಾವು ಮುಗಿಯಲಿ, ಸಾಲ ತೀರಲಿ, ಮಗಳ ಮದುವೆಯಾಗಲಿ, ಹಜ್ಜ್ ಮಾಡಿ ಬಂದ ಮೇಲಂತೂ ಖಂಡಿತ, ಎನ್ನುತ್ತಾ ಇರುವಾಗಲೇ ತಲೆ ನರೆಯುತ್ತದೆ. ಪರಿಶುದ್ಧನಾದ ಮೇಲೆ ಆರಾಧಿಸುವೆನೆಂದು ಕಾದವನು ಕೊನೆಗೆ ಪರಿಶುದ್ಧನೂ ಆಗಲಿಲ್ಲ, ಆರಾಧಕನೂ ಆಗಲಿಲ್ಲ.

ನಿಮ್ಮ ಗದ್ದೆಯ ಒಂದು ಮಾತನ್ನೇ ತೆಗೆದುಕೊಳ್ಳೋಣ. ನಾಟಿಯ ದಿನಗಳಲ್ಲಿ ಮೊಣಕಾಲಿನವರೆಗೆ ಕಪ್ಪು ಕೆಸರು ಮೆತ್ತಿಕೊಂಡು ಬರುವ ಕಾರ್ಮಿಕನು ಮಸೀದಿಯ ಮುಂದೆ ಹಾಯುವಾಗ ತಲೆ ತಗ್ಗಿಸಿ ಸರಿದುಹೋಗುತ್ತಾನೆ. ತಾನು ಕೊಳಕಾಗಿದ್ದೇನೆಂಬ ಭಾವನೆ ಅವನದು. ಆದರೆ ಶರೀಅತ್ ಏನನ್ನುತ್ತದೆ? ಗದ್ದೆಯ ಮಣ್ಣು ಮಾಲಿನ್ಯವಲ್ಲ. ನೀರು ಸಿಗದಿದ್ದಾಗ, ನೀರು ತಾಗಿದರೆ ರೋಗ ಉಲ್ಬಣಿಸುವುದೆಂದಾದಾಗ, ಅದೇ ಶುದ್ಧ ಮಣ್ಣನ್ನು ಅಂಗೈಯಿಂದ ಮುಟ್ಟಿ ಮುಖಕ್ಕೂ ಕೈಗೂ ಸವರಿಕೊಂಡು ನಮಾಝ್ ಮಾಡಲು ಇಸ್ಲಾಮ್ ಅನುಮತಿ ನೀಡಿದೆ. ಅದನ್ನು ತಯಮ್ಮುಮ್ ಎನ್ನುತ್ತಾರೆ. ಯಾವುದನ್ನು ಅವನು ಅಡ್ಡಿಯೆಂದು ಭಾವಿಸಿದನೋ ಅದನ್ನೇ ಅಲ್ಲಾಹನು ಶುದ್ಧಿಯ ಸಾಧನವಾಗಿ ಮಾಡಿದ್ದಾನೆ! ಕಾಲು ತೊಳೆದು ಬರುವುದು ಒಳ್ಳೆಯದೇ, ಮಸೀದಿಯ ಚಾಪೆಯನ್ನು ಕಾಪಾಡುವುದೂ ನಮ್ಮ ಕರ್ತವ್ಯವೇ. ಆದರೆ ಕೆಸರಿಗೆ ಹೆದರಿ ಬಾಗಿಲಿನಿಂದ ಹಿಂದಿರುಗುವ ಅಗತ್ಯವಿಲ್ಲ.

ಇನ್ನು ಮನಸ್ಸಿನ ಕೆಸರು. ಪ್ರವಾದಿ ಮುಹಮ್ಮದ್(ಸ)ರ ಬರಹಗಾರರಲ್ಲೊಬ್ಬರಾಗಿದ್ದ ಹನ್ಝಲಾ(ರ)ರ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಅವರು ಒಂದು ದಿನ ಅಬೂಬಕರ್(ರ)ರನ್ನು ಭೇಟಿಯಾಗಿ ತಾನು ಕಪಟಿಯಾಗಿಬಿಟ್ಟೆನೆಂದು ಅಳಲು ತೋಡಿಕೊಂಡರು. ಕಾರಣವೇನೆಂದರೆ, ಪ್ರವಾದಿ(ಸ)ರ ಸನ್ನಿಧಿಯಲ್ಲಿರುವಾಗ ಸ್ವರ್ಗ ನರಕಗಳು ಕಣ್ಣೆದುರಿಗಿದ್ದಂತೆ ಭಾಸವಾಗುತ್ತವೆ. ಮನೆಗೆ ಬಂದು ಮಡದಿ ಮಕ್ಕಳು, ಜಮೀನು ಜೀವನೋಪಾಯ ಎಂದು ಮುಳುಗಿದೊಡನೆ ಅದೆಲ್ಲ ಮರೆತುಹೋಗುತ್ತದೆ. ಅಬೂಬಕರ್(ರ) ಏನು ಹೇಳಿದರು ಗೊತ್ತೇ? ತನ್ನ ಸ್ಥಿತಿಯೂ ಇದೇ ಎಂದರು. ಸಮುದಾಯದಲ್ಲಿ ಅವರಿಗಿಂತ ಮಿಗಿಲಾದ ಸತ್ಯವಿಶ್ವಾಸಿ ಯಾರಿದ್ದರು? ಇಬ್ಬರೂ ಪ್ರವಾದಿ(ಸ)ರ ಬಳಿಗೆ ಹೋದರು. ನೀವು ಸದಾ ಆ ಒಂದೇ ಸ್ಥಿತಿಯಲ್ಲಿರುತ್ತಿದ್ದರೆ ದೇವಚರರೇ ಬಂದು ದಾರಿಯಲ್ಲಿ ನಿಮ್ಮ ಕೈಕುಲುಕುತ್ತಿದ್ದರು, ಆದರೆ ಅದಕ್ಕೊಂದು ಹೊತ್ತು ಇದಕ್ಕೊಂದು ಹೊತ್ತು ಎಂಬ ಅರ್ಥದಲ್ಲಿ ಪ್ರವಾದಿ(ಸ) ಅವರನ್ನು ಸಮಾಧಾನಪಡಿಸಿದರು. ಮನಸ್ಸಿನ ಏರಿಳಿತವನ್ನು ಅವರು ಕಾಪಟ್ಯವೆಂದು ಕರೆಯಲಿಲ್ಲ. ಅದು ಮನುಷ್ಯನ ಪ್ರಕೃತಿ.

ನಮಾಝ್‌ನ ರಚನೆಯನ್ನೇ ಗಮನಿಸಿರಿ. ರಕಅತ್‌ಗಳ ಲೆಕ್ಕ ತಪ್ಪಿದರೆ ಏನು ಮಾಡಬೇಕೆಂಬುದನ್ನು ಧರ್ಮವು ಮೊದಲೇ ಕಲಿಸಿಕೊಟ್ಟಿದೆ. ಸುಜೂದುಸ್ಸಹ್ವ್, ಅಂದರೆ ಮರೆವಿನ ಸಾಷ್ಟಾಂಗ. ಒಮ್ಮೆ ಪ್ರವಾದಿ(ಸ)ರೇ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಮುಗಿಸಿಬಿಟ್ಟರು. ಅಬೂಬಕರ್ ಮತ್ತು ಉಮರ್(ರ) ಅಲ್ಲೇ ಇದ್ದರೂ ಮಾತನಾಡಲು ಹಿಂಜರಿದರು. ದುಲ್‌ಯದೈನ್ ಎಂದು ಕರೆಯಲ್ಪಡುತ್ತಿದ್ದ ವ್ಯಕ್ತಿಯೊಬ್ಬರು ಧೈರ್ಯಮಾಡಿ ಕೇಳಿದರು. ಪ್ರವಾದಿ(ಸ) ಉಳಿದವರಿಂದ ಖಚಿತಪಡಿಸಿಕೊಂಡು, ಬಾಕಿಯಿದ್ದ ಎರಡು ರಕಅತ್‌ಗಳನ್ನು ಪೂರ್ತಿಗೊಳಿಸಿ ಎರಡು ಸಾಷ್ಟಾಂಗ ಮಾಡಿದರು. ಮೊದಲಿನ ಎರಡು ರಕಅತ್‌ಗಳನ್ನು ಎಸೆದು ಹೊಸದಾಗಿ ಆರಂಭಿಸಲಿಲ್ಲ ಎಂಬುದು ಇಲ್ಲಿ ಮುಖ್ಯ. ಇನ್ನೊಂದು ವಿಷಯವೂ ಇದೆ. ನಮಾಝ್ ಮುಗಿದೊಡನೆ ಪ್ರವಾದಿ(ಸ) ಮೂರು ಬಾರಿ ಅಲ್ಲಾಹನಲ್ಲಿ ಕ್ಷಮೆ ಯಾಚಿಸುತ್ತಿದ್ದರೆಂದು ಹದೀಸ್‌ಗಳು ತಿಳಿಸುತ್ತವೆ. ಪಾಪ ಮಾಡಿದಾಗ ಕ್ಷಮೆ ಕೇಳುವುದು ಎಲ್ಲರಿಗೂ ಅರ್ಥವಾಗುತ್ತದೆ. ನಮಾಝ್ ಮಾಡಿದ ಮೇಲೆ ಕ್ಷಮೆ ಏಕೆ? ಆರಾಧನೆಯು ಎಷ್ಟೇ ಉತ್ತಮವಾಗಿದ್ದರೂ ಅದು ಸಲ್ಲಬೇಕಾದವನ ಮಹತ್ತಿಗೆ ಸಾಟಿಯಾಗುವುದಿಲ್ಲ ಎಂದು ವಿದ್ವಾಂಸರು ವಿವರಿಸಿದ್ದಾರೆ. ಹಾಗಿರುವಾಗ ದೋಷರಹಿತ ಆರಾಧನೆ ಎಂಬ ಷರತ್ತನ್ನು ನಮ್ಮ ಮೇಲೆ ಹೇರಿದವರಾದರೂ ಯಾರು?

2024ರ ಆಗಸ್ಟ್ 10ರ ರಾತ್ರಿಯನ್ನು ಸಿರುಗುಪ್ಪದವರು ಮರೆತಿರಲಾರರು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬಲದಂಡೆ ಕಾಲುವೆಯ ನೀರನ್ನೇ ನೆಚ್ಚಿ ನಾಟಿಗೆ ಇಳಿದಿದ್ದ ರೈತರ ಎದೆ ಒಡೆಯಿತು. ನದಿಗೆ ಹರಿದುಹೋದ ನೀರು ಕಡಿಮೆಯೇನಲ್ಲ. ಜಲಾಶಯವನ್ನು ಪೂರ್ತಿ ಬರಿದು ಮಾಡಿ, ಎಲ್ಲವೂ ಒಣಗಿದ ಮೇಲೆ ಹೊಸ ಗೇಟನ್ನು ಕೂರಿಸೋಣ ಎಂದು ತೀರ್ಮಾನಿಸಿದ್ದರೆ ಆ ವರ್ಷದ ಭತ್ತದ ಗತಿ ಏನಾಗುತ್ತಿತ್ತು? ತಜ್ಞರೂ ಕಾರ್ಮಿಕರೂ ಸೇರಿ ಭೋರ್ಗರೆಯುವ ನೀರಿನ ನಡುವೆಯೇ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದ ಹೊತ್ತಿಗೆ ಆ ಬಾಯಿಯನ್ನು ಮುಚ್ಚಿದರು. ಆಮೇಲೆ ಬಂದ ಮಳೆಗೆ ಜಲಾಶಯ ಮತ್ತೆ ತುಂಬಿತು. ಅದು ತಾತ್ಕಾಲಿಕ ಹಲಗೆ, ಹೊಸ ಗೇಟಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಆದರೂ ಅದರ ಹಿಂದೆ ನೀರು ನಿಂತಿತು, ಕಾಲುವೆಗೆ ಹರಿಯಿತು. ನಮ್ಮ ಬದುಕಿನ ಒಂದು ಗೇಟು ಮುರಿದಿದೆಯೆಂದು ಉಳಿದ ಮೂವತ್ತೆರಡನ್ನೂ ತೆರೆದುಬಿಡುವುದು ಯಾವ ಜಾಣತನ? ಸುಳ್ಳು ಹೇಳುವ ಚಟ ಬಿಟ್ಟಿಲ್ಲವೆಂದು ನಮಾಝನ್ನೂ ಬಿಡುವುದು, ನಮಾಝ್ ಬಿಟ್ಟಿದ್ದೇನೆಂದು ಉಪವಾಸವನ್ನೂ ಬಿಡುವುದು, ಇವೆಲ್ಲ ಶೈತಾನನ ಲೆಕ್ಕಾಚಾರ.

ಇದು ಮುಸ್ಲಿಮರ ಮನಸ್ಸಿನ ಸಮಸ್ಯೆ ಮಾತ್ರವೆಂದು ಯಾರೂ ಭಾವಿಸಬಾರದು. ಇದೇ ತುಂಗಭದ್ರೆಯ ಮೇಲ್ದಂಡೆಯಲ್ಲಿ, ಹಂಪಿಯಲ್ಲಿ, ಪುರಂದರದಾಸರ ಹೆಸರಿನ ಮಂಟಪವಿದೆ. ಜಿಪುಣ ವರ್ತಕರಾಗಿದ್ದವರು ದಾಸರಾದರೆಂದು ಜನರು ಹೇಳುತ್ತಾ ಬಂದಿದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು ತಮ್ಮನ್ನು ಎಲ್ಲರಿಗಿಂತ ಕಿರಿಯನೆಂದು ಕರೆದುಕೊಂಡರು. ಅವರ ಆರಾಧನಾ ಕ್ರಮ ಬೇರೆ, ನಮ್ಮದು ಬೇರೆ. ಆದರೆ 'ದಾಸ' ಎಂಬ ಕನ್ನಡದ ಪದಕ್ಕೂ 'ಅಬ್ದ್' ಎಂಬ ಅರಬೀ ಪದಕ್ಕೂ ಅರ್ಥ ಒಂದೇ. ದಾಸನಾಗಲು ನಿರ್ದೋಷಿಯಾಗಿರಬೇಕೆಂದಿಲ್ಲ, ಒಡೆಯನು ಯಾರೆಂದು ತಿಳಿದಿರಬೇಕು. ಪವಿತ್ರ ಕುರ್‌ಆನಿನ ಅಝ್ಝುಮರ್ ಅಧ್ಯಾಯದಲ್ಲಿ ಅಲ್ಲಾಹನು, ತಮ್ಮ ಮೇಲೆ ತಾವೇ ಅತಿರೇಕವೆಸಗಿಕೊಂಡವರನ್ನು ಕೂಡ ತನ್ನ ದಾಸರೆಂದೇ ಸಂಬೋಧಿಸಿ, ತನ್ನ ಕಾರುಣ್ಯದ ಬಗ್ಗೆ ನಿರಾಶರಾಗಬಾರದೆಂದು ತಿಳಿಸುತ್ತಾನೆ. ಪಾಪ ಮಾಡಿದರೂ ಆ ಸಂಬೋಧನೆ ಕಳಚಿಹೋಗಲಿಲ್ಲ.

ಇಷ್ಟನ್ನು ಕೇಳಿ ಇನ್ನೊಂದು ಗುಂಪು ನೆಮ್ಮದಿಯ ನಿಟ್ಟುಸಿರು ಬಿಡಬಹುದು. "ಮನುಷ್ಯನೆಂದ ಮೇಲೆ ತಪ್ಪು ಸಹಜ, ಅಲ್ಲಾಹನು ಕ್ಷಮಾಶೀಲನು" ಎಂಬುದು ಅವರ ಬಾಯಲ್ಲಿ ಸದಾ ಇರುವ ಮಾತು. ಅವರು ಮೊದಲ ಸಾಲಿನಲ್ಲೇ ಇರುತ್ತಾರೆ. ಆದರೆ ರೈತನ ಭತ್ತವನ್ನು ತೂಗುವಾಗ ತೇವಾಂಶದ ಹೆಸರಿನಲ್ಲಿ ಕೈಗೆ ಬಂದಷ್ಟು ಕಡಿತ ಮಾಡುತ್ತಾರೆ. ಹಮಾಲಿಯ ಕೂಲಿಯನ್ನು ಹಬ್ಬ ಕಳೆಯುವವರೆಗೆ ಎಳೆಯುತ್ತಾರೆ. ಮಗನ ಮದುವೆಗೆ ವರದಕ್ಷಿಣೆ ಎಣಿಸಿಕೊಂಡು, ಅದರಲ್ಲೇ ಮಸೀದಿಗೊಂದು ಫ್ಯಾನು ಕೊಡಿಸುತ್ತಾರೆ. ಈ ಜಿಲ್ಲೆಯ ಮಣ್ಣು ಅಗೆದು ಸಾಗಿಸಿದ ದಿನಗಳನ್ನು ನಾವೆಲ್ಲ ಕಂಡವರೇ. 2011ರಲ್ಲಿ ಲೋಕಾಯುಕ್ತರ ಅಕ್ರಮ ಗಣಿಗಾರಿಕೆಯ ವರದಿ ಬಂದು, ಅದೇ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ, ಹಣ ಎಲ್ಲಿಂದ ಬಂತೆಂದು ಕೇಳುವುದೇ ಅಸಭ್ಯತೆ ಎಂಬಂತಾಗಿತ್ತು. ದಾನ ಪಡೆಯುವ ಧಾರ್ಮಿಕರಿಗೆ ಆ ಪ್ರಶ್ನೆ ಕೇಳುವ ಹೊಣೆ ಇನ್ನೂ ಹೆಚ್ಚಿತ್ತು.

ಪೂರ್ಣ ಹೃದಯ ಎಂದರೆ ಕಲೆಯಿಲ್ಲದ ಹೃದಯವಲ್ಲ, ಪಾಲಾಗದ ಹೃದಯ. ಎಡವಿ ಬಿದ್ದು, ನೊಂದು, ಏಳಲು ಹೆಣಗುವವನ ಹೃದಯ ಪೂರ್ತಿಯಾಗಿ ಅಲ್ಲಾಹನ ಕಡೆಗಿರಲು ಸಾಧ್ಯ. ತಪ್ಪನ್ನು ಲಾಭದ ಬಾಬತ್ತಾಗಿ ಇಟ್ಟುಕೊಂಡು, ಅದಕ್ಕೆ ಪರಿಹಾರವೆಂದು ನಮಾಝನ್ನು ಪಾವತಿಸುವವನ ಹೃದಯ ಎರಡು ಖಾತೆಗಳಲ್ಲಿ ಹಂಚಿಹೋಗಿದೆ. ಅಲ್ಲಾಹನ ಹಕ್ಕಿನಲ್ಲಿ ಲೋಪವಾದರೆ ಪಶ್ಚಾತ್ತಾಪಕ್ಕೆ ಕಣ್ಣೀರು ಸಾಕಾಗಬಹುದು. ದಾಸರ ಹಕ್ಕಿನಲ್ಲಿ ಲೋಪವಾದರೆ ಕಣ್ಣೀರಿನ ಜೊತೆಗೆ ತಕ್ಕಡಿಯೂ ಬೇಕು. ಕಸಿದದ್ದನ್ನು ಹಿಂದಿರುಗಿಸಬೇಕು, ಇಲ್ಲವೇ ಹಕ್ಕುದಾರನಿಂದಲೇ ಕ್ಷಮೆ ಪಡೆಯಬೇಕು. ನಮಾಝ್, ಉಪವಾಸ, ಝಕಾತ್‌ಗಳ ದೊಡ್ಡ ಗಂಟನ್ನೇ ಹೊತ್ತು ಪರಲೋಕಕ್ಕೆ ಬಂದರೂ, ಬೈಸಿಕೊಂಡವರು, ಹೊಡೆಸಿಕೊಂಡವರು, ಸೊತ್ತು ಕಳಕೊಂಡವರು ಬಂದು ಅದನ್ನೆಲ್ಲ ಹಂಚಿಕೊಂಡು ಹೋಗುವಾಗ ಬರಿಗೈಯಾಗುವವನನ್ನು ಪ್ರವಾದಿ(ಸ) ನಿಜವಾದ ದಿವಾಳಿಯೆಂದು ಬಣ್ಣಿಸಿದ್ದಾರೆ.

ಇನ್ನು, ಬಿದ್ದವನೊಂದಿಗೆ ಸಮುದಾಯ ಹೇಗೆ ನಡೆದುಕೊಳ್ಳುತ್ತದೆ? ಕುಡಿತದ ಚಟವಿದ್ದವನೊಬ್ಬ ರಮಝಾನ್‌ನಲ್ಲಿ ಟೋಪಿ ಧರಿಸಿ ಬಂದರೆ, "ಓಹೋ, ಚಂದ್ರ ಯಾವ ಕಡೆ ಮೂಡಿದ?" ಎಂದು ನಗುವವರು ಪ್ರತಿ ಮಸೀದಿಯಲ್ಲೂ ಇದ್ದಾರೆ. ಆ ಒಂದು ನಗು ಅವನನ್ನು ಇನ್ನು ಹನ್ನೊಂದು ತಿಂಗಳು ದೂರವಿಡಲು ಸಾಕು. ಪ್ರವಾದಿ(ಸ)ರ ಕಾಲದಲ್ಲೂ ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬರಿದ್ದರು. ಅವರು ಪ್ರವಾದಿ(ಸ)ರನ್ನು ನಗಿಸುತ್ತಿದ್ದರಂತೆ. ಒಮ್ಮೆ ಅವರಿಗೆ ಶಿಕ್ಷೆಯಾದಾಗ ಯಾರೋ ಶಪಿಸಿದರು. ಪ್ರವಾದಿ(ಸ) ಅದನ್ನು ತಡೆದು, ಆ ವ್ಯಕ್ತಿಗೆ ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಮೇಲೆ ಪ್ರೀತಿಯಿದೆ ಎಂದು ಸಾಕ್ಷ್ಯ ನುಡಿದರು. ಬುಖಾರಿಯಲ್ಲಿ ದಾಖಲಾದ ಈ ಘಟನೆಯಲ್ಲಿ ಶಿಕ್ಷೆ ರದ್ದಾಗಲಿಲ್ಲ, ಪ್ರೀತಿಯೂ ರದ್ದಾಗಲಿಲ್ಲ. ನಮ್ಮ ಜಮಾಅತ್ ಕಮಿಟಿಗಳು ಇದನ್ನು ಓದಿಕೊಳ್ಳಬೇಕು.

ಕೊನೆಯದಾಗಿ ಕಅಬ್ ಬಿನ್ ಮಾಲಿಕ್(ರ)ರನ್ನು ಸ್ಮರಿಸೋಣ. ಹಿಜರಿ 9ನೇ ವರ್ಷ, ಕ್ರಿ.ಶ. 630. ತಬೂಕ್ ಯಾತ್ರೆಗೆ ಕರೆ ಬಂದಾಗ ಕಡು ಬಿಸಿಲು. ಮದೀನದಲ್ಲಿ ಹಣ್ಣುಗಳು ಪಕ್ವವಾಗಿ, ನೆರಳು ಹಿತವಾಗಿದ್ದ ಕಾಲ. ಸುಗ್ಗಿಯ ಸೆಳೆತ ಏನೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಕಅಬ್ ಪ್ರತಿದಿನ ಸಿದ್ಧತೆಗೆಂದು ಹೊರಡುತ್ತಿದ್ದರು, ಏನೂ ಮಾಡದೆ ಮರಳುತ್ತಿದ್ದರು. ನಾಳೆ ಎನ್ನುತ್ತಿರುವಾಗಲೇ ಸೇನೆ ಹೊರಟುಹೋಯಿತು. ಪ್ರವಾದಿ(ಸ) ಹಿಂದಿರುಗಿದಾಗ ಸುಮಾರು ಎಂಬತ್ತು ಮಂದಿ ಬಂದು ಆಣೆ ಹಾಕಿ ನೆಪಗಳನ್ನೊಪ್ಪಿಸಿದರು. ಅವರ ನೆಪಗಳನ್ನು ಪ್ರವಾದಿ(ಸ) ಸ್ವೀಕರಿಸಿದರು, ಅಂತರಂಗವನ್ನು ಅಲ್ಲಾಹನಿಗೆ ಬಿಟ್ಟರು. ಕಅಬ್ ಉತ್ತಮ ಮಾತುಗಾರರು, ಕವಿ. ಬೇಕಿದ್ದರೆ ಎಲ್ಲರಿಗಿಂತ ಚೆನ್ನಾದ ನೆಪ ಹೇಳಬಹುದಿತ್ತು. ತನಗೆ ಯಾವ ಅಡ್ಡಿಯೂ ಇರಲಿಲ್ಲ, ಹಿಂದೆಂದೂ ಇಷ್ಟು ಅನುಕೂಲವಂತನಾಗಿರಲಿಲ್ಲ ಎಂದು ನಿಜವನ್ನೇ ನುಡಿದರು.

ಅಲ್ಲಾಹನ ತೀರ್ಮಾನ ಬರುವವರೆಗೆ ಅವರೊಂದಿಗೂ, ಹಾಗೆಯೇ ನಿಜ ಹೇಳಿದ ಇನ್ನಿಬ್ಬರೊಂದಿಗೂ ಯಾರೂ ಮಾತನಾಡಕೂಡದೆಂದು ಆಜ್ಞೆಯಾಯಿತು. ಐವತ್ತು ದಿನ! ಆ ಇಬ್ಬರು ಮನೆಯಲ್ಲೇ ಅಳುತ್ತಾ ಕುಳಿತರು. ಕಅಬ್ ಮಾತ್ರ ಮಸೀದಿಗೆ ಹೋಗುವುದನ್ನು ಬಿಡಲಿಲ್ಲ. ಸಲಾಮ್ ಹೇಳಿ, ಪ್ರವಾದಿ(ಸ)ರ ತುಟಿ ಅಲುಗಿತೇ ಎಂದು ನೋಡುತ್ತಿದ್ದರು. ಅವರ ಹತ್ತಿರವೇ ನಮಾಝ್‌ಗೆ ನಿಂತು ಓರೆಗಣ್ಣಿನಿಂದ ಗಮನಿಸುತ್ತಿದ್ದರು. ನಮಾಝ್‌ನಲ್ಲಿ ಮುಳುಗಿರುವಾಗ ಪ್ರವಾದಿ(ಸ)ರ ದೃಷ್ಟಿ ತನ್ನತ್ತ ಹರಿಯುತ್ತದೆ, ತಾನು ಅತ್ತ ತಿರುಗಿದೊಡನೆ ಸರಿಯುತ್ತದೆ ಎಂಬುದನ್ನು ಕಂಡುಕೊಂಡಿದ್ದರು. ಇಡೀ ಊರು ಬೆನ್ನು ತಿರುಗಿಸಿದ್ದ, ಕ್ಷಮೆ ಸಿಗುವುದೋ ಇಲ್ಲವೋ ತಿಳಿಯದಿದ್ದ ಒಬ್ಬ ಮನುಷ್ಯನ ನಮಾಝ್ ಅದು. ಈ ನಡುವೆ ಗಸ್ಸಾನಿನ ಅರಸನಿಂದ, ನಮ್ಮಲ್ಲಿಗೆ ಬಾ, ಗೌರವದಿಂದ ಕಾಣುತ್ತೇವೆ ಎಂಬ ಪತ್ರ ಬಂತು. ಕಅಬ್ ಅದನ್ನು ಒಲೆಗೆ ಹಾಕಿದರು.

ಐವತ್ತನೆಯ ದಿನ ಮುಂಜಾನೆಯ ನಮಾಝ್ ಮುಗಿಸಿ ಮನೆಯ ಮಾಳಿಗೆಯ ಮೇಲೆ ಕುಳಿತಿದ್ದಾಗ ಸಲ್ಅ್ ಬೆಟ್ಟದ ಮೇಲಿಂದ ಒಂದು ಕೂಗು ಕೇಳಿತು. ಪಶ್ಚಾತ್ತಾಪ ಸ್ವೀಕೃತವಾಗಿತ್ತು. ಸುವಾರ್ತೆ ತಂದವನಿಗೆ ಅವರು ಮೈಮೇಲಿನ ಬಟ್ಟೆಗಳನ್ನೇ ಕೊಟ್ಟು, ಎರವಲು ಬಟ್ಟೆ ತೊಟ್ಟು ಮಸೀದಿಗೆ ಬಂದರು. ಒಳಗೆ ಪ್ರವಾದಿ(ಸ)ರ ಸುತ್ತ ಜನ ಕುಳಿತಿದ್ದರು. ಮುಹಾಜಿರ್‌ಗಳ ಪೈಕಿ ತಲ್ಹಾ ಬಿನ್ ಉಬೈದುಲ್ಲಾ(ರ) ಒಬ್ಬರೇ ಎದ್ದು ಓಡಿಬಂದು ಅವರ ಕೈಹಿಡಿದು ಅಭಿನಂದಿಸಿದರು. ಕಣ್ಣಿನ ಬೆಳಕು ಹೋಗಿ, ಮಗನ ಕೈಹಿಡಿದು ನಡೆಯಬೇಕಾದ ವಯಸ್ಸಿನಲ್ಲಿ ಈ ವೃತ್ತಾಂತವನ್ನೆಲ್ಲ ಹೇಳಿದಾಗಲೂ ಕಅಬ್(ರ) ತಲ್ಹಾರು ಎದ್ದು ಬಂದುದನ್ನು ಮರೆತಿರಲಿಲ್ಲ.