ಕಿರ್ದಿ ಪುಸ್ತಕ ಯಾರ ಪೆಟ್ಟಿಗೆಯಲ್ಲಿದೆ?

(ಬಡಾವಣೆಯೊಂದರ ಮನೆ ಮಾಲೀಕರ ಸಂಘದ ಸದಸ್ಯರು ಸೇರಿಸಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನನ್ನನ್ನು ಇಲ್ಲಿ ನಿಲ್ಲಿಸಿದವರು "ಕಾನೂನು ಏನು ಹೇಳುತ್ತದೆ, ಅಷ್ಟು ಹೇಳಿದರೆ ಸಾಕು" ಎಂದಿದ್ದಾರೆ. ನಾನು ವಕೀಲನಲ್ಲ. 26 ವರ್ಷ ಗಿರಣಿಯಲ್ಲಿ ನೂಲು ತೆಗೆದವನು. ನಿಮ್ಮಂತೆಯೇ ಈ ಬಡಾವಣೆಯಲ್ಲಿ ಒಂದು ನಿವೇಶನ ಕೊಂಡು, ಮನೆ ಕಟ್ಟಿ, ಸಾಲ ತೀರಿಸುವಷ್ಟರಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು. ಕಾನೂನಿನ ಪುಸ್ತಕವನ್ನು ಕೈಗೆತ್ತಿಕೊಂಡದ್ದು ವಿದ್ಯೆಗಾಗಿ ಅಲ್ಲ, ಬೇರೆ ದಾರಿ ಕಾಣದ ಕಾರಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಾರ್ಯಕಾರಿ ಮಂಡಳಿಯ ಇಬ್ಬರು ಮಿತ್ರರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಬಂದದ್ದು ಒಳ್ಳೆಯದಾಯಿತು. ಯಾರನ್ನೂ ಕಳ್ಳರೆಂದು ಕರೆಯಲು ಈ ಸಭೆ ಸೇರಿಲ್ಲ. ಹಣ ಪೋಲಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯನ್ನೇ ಮುಚ್ಚಿದ್ದಾರೆ ಎಂಬುದಷ್ಟೇ ನಮ್ಮ ದೂರು.

ಸಂಗತಿ ನಿಮಗೆಲ್ಲ ತಿಳಿದದ್ದೇ. ಮನೆಮನೆಯಿಂದಲೂ ತಿಂಗಳ ಚಂದಾ ಹೋಗುತ್ತಿದೆ. ನೀರಿನ ತೊಟ್ಟಿಯ ರಿಪೇರಿಗೆಂದು ಬೇರೆ ವಂತಿಗೆ ಎತ್ತಿದರು. ಮೂರು ವರ್ಷವಾಯಿತು, ತೊಟ್ಟಿ ಇನ್ನೂ ಸೋರುತ್ತಿದೆ. ಈ ಮೂರು ವರ್ಷದಲ್ಲಿ ಮಹಾಸಭೆ ನಡೆದದ್ದು ಒಮ್ಮೆ, ಅದೂ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಪಾಳಿಯವನು ಪಾಳಿಯಲ್ಲಿ, ಅಂಗಡಿಯವನು ಅಂಗಡಿಯಲ್ಲಿ. ಬಂದವರು ಹದಿನಾಲ್ಕು ಮಂದಿ, ಅವರಲ್ಲಿ ಒಂಬತ್ತು ಮಂದಿ ಮಂಡಳಿಯವರೇ. ಲೆಕ್ಕ ಓದಿದರು, ಚಪ್ಪಾಳೆ ತಟ್ಟಿದರು, ಕಾಫಿ ಕುಡಿದರು. ಆಮೇಲೆ ಫೋನಿನ ಗುಂಪಿನಲ್ಲಿ ಒಂದು ಹಾಳೆಯ ಚಿತ್ರ ಬಂತು. "ಇತರೆ ಖರ್ಚು" ಎಂಬ ಒಂದೇ ಸಾಲು ಅದರ ಅರ್ಧ ಮೊತ್ತವನ್ನು ನುಂಗಿತ್ತು. ಇದೇನೆಂದು ಕೇಳಿದ ಇಬ್ಬರನ್ನು ಆ ರಾತ್ರಿಯೇ ಗುಂಪಿನಿಂದ ತೆಗೆದುಹಾಕಿದರು.

ನಾನು ಕಾರ್ಯದರ್ಶಿಗಳ ಮನೆಗೇ ಹೋಗಿ ಕೇಳಿದೆ. "ಏನ್ರೀ, ಇಷ್ಟು ವರ್ಷದ ಪರಿಚಯ, ನಮ್ಮ ಮೇಲೆ ನಂಬಿಕೆ ಇಲ್ಲವೇನ್ರೀ?" ಎಂದರು.

ಈ ನಂಬಿಕೆಯ ಮಾತನ್ನು ಕೊಂಚ ಬಿಡಿಸಿ ನೋಡೋಣ. ಇಲ್ಲಿ ವರ್ತಕರು ಬಹಳ ಮಂದಿ ಇದ್ದೀರಿ. ಗಲ್ಲಾದ ಮೇಲೆ ಸ್ವಂತ ತಮ್ಮನನ್ನೇ ಕೂರಿಸಿರುತ್ತೀರಿ. ಹಾಗಿದ್ದರೂ ಬಾಗಿಲು ಹಾಕುವ ಮುನ್ನ ರೊಕ್ಕ ಎಣಿಸಿ ಕಿರ್ದಿ ಬರೆಯುತ್ತೀರಿ, ಅಲ್ಲವೆ? ತಮ್ಮನನ್ನು ಕಳ್ಳನೆಂದು ತಿಳಿದೇ? ಅಲ್ಲ. ಕಿರ್ದಿ ಇದ್ದರೆ ತಮ್ಮನ ಮಾನವೂ ಉಳಿಯುತ್ತದೆ. ಇನ್ನು ಗಿರಣಿಯವರು. 1965ರ ಬೋನಸ್ ಕಾಯಿದೆ ಬಂದಮೇಲೆ ಕಂಪನಿಯ ಲಾಭನಷ್ಟದ ಪಟ್ಟಿಯನ್ನು ಮುಂದಿಟ್ಟುಕೊಂಡು ಕಾರ್ಮಿಕರು ಸಾಲುಸಾಲಾಗಿ ಪ್ರಶ್ನೆ ಕೇಳಿದರು. ಗಿರಣಿಯ ಮಾಲೀಕನಿಗೆ ಕೇಳಿದ ಪ್ರಶ್ನೆಯನ್ನು ನಾವೇ ಆರಿಸಿದ ಖಜಾಂಚಿಗೆ ಕೇಳಿದರೆ ಅದು ಹೇಗೆ ಜಗಳಗಂಟತನವಾಯಿತು?

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ನಾಲ್ಕು ವರ್ಷದ ಹಿಂದೆ ನಡಾವಳಿ ಪುಸ್ತಕವನ್ನು ಮನೆಗೇ ತಂದು "ಒಂದು ರುಜು ಹಾಕಿ" ಎಂದರು. ನಾನು ಹೋಗದ ಸಭೆಯ ಹಾಜರಿ ಅದು. ಓದದೆ ಹಾಕಿಕೊಟ್ಟೆ. ಊಟದ ಹೊತ್ತು, ಪರಿಚಯದವರು, ಇಲ್ಲವೆನ್ನಲು ನಾಲಗೆ ಏಳಲಿಲ್ಲ. ಆ ಸಭೆಯಲ್ಲೇ ತೊಟ್ಟಿಯ ಕೆಲಸವನ್ನು ಟೆಂಡರಿಲ್ಲದೆ ಒಬ್ಬರಿಗೆ ಕೊಡುವ ಠರಾವು ಆಗಿತ್ತು ಎಂದು ತಿಳಿದದ್ದು ಹೋದ ವರ್ಷ. ಠರಾವಿನ ಕೆಳಗೆ ನನ್ನ ಹೆಸರು ದುಂಡಗೆ ಕುಳಿತಿದೆ. ಹೀಗೆ ರುಜು ಹಾಕಿದವರು ಈ ಸಭೆಯಲ್ಲಿ ಇನ್ನೂ ಎಷ್ಟು ಮಂದಿಯೋ, ಕೈ ಎತ್ತಿ ಎಂದು ನಾನು ಕೇಳುವುದಿಲ್ಲ.

ಇನ್ನು ಕಾನೂನು. ನಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ದಾಖಲಾದದ್ದು. ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು, ಲೆಕ್ಕ ತಪಾಸಣೆಯಾಗಬೇಕು, ಮಂಡಳಿಯವರ ಪಟ್ಟಿಯನ್ನೂ ಲೆಕ್ಕವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ನಾನು ಆ ಕಚೇರಿಗೆ ಹೋಗಿ ನಕಲು ಕೇಳಿ ಅರ್ಜಿ ಕೊಟ್ಟೆ. ಮೂರು ಸಲ ಅಲೆದಮೇಲೆ ಗುಮಾಸ್ತರು ಕಡತ ತೆಗೆದು ತೋರಿಸಿದರು. ಎರಡು ವರ್ಷದ ಲೆಕ್ಕ ಅಲ್ಲಿಗೆ ಹೋಗಿಯೇ ಇಲ್ಲ!

ಅದೇ ಕಾಯಿದೆಯ 25ನೆಯ ಕಲಮನ್ನು ದಯವಿಟ್ಟು ನೆನಪಿಡಿ. ಸಂಘದ ಒಟ್ಟು ಸದಸ್ಯರಲ್ಲಿ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದವರು ಬರೆದುಕೊಟ್ಟರೆ ರಿಜಿಸ್ಟ್ರಾರರು ವಿಚಾರಣೆ ನಡೆಸಲೇಬೇಕು. "ನಡೆಸಬಹುದು" ಎಂದಲ್ಲ, "ನಡೆಸತಕ್ಕದ್ದು" ಎಂದು. ಒಬ್ಬಿಬ್ಬರ ದೂರನ್ನು ಮೇಜಿನಡಿ ತಳ್ಳಬಹುದು, ಮೂರರಲ್ಲೊಂದು ಪಾಲಿನ ದೂರನ್ನು ತಳ್ಳಲಾಗದು.

ಮಹಡಿಯ ಮೇಲೆ ಮಹಡಿ ಕಟ್ಟಿದ ವಸತಿಗಳಿಗೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯಿದೆ ಬೇರೆ ಉಂಟು. ನಿಮ್ಮ ಮಕ್ಕಳು ಬೆಂಗಳೂರಿನಲ್ಲಿ ಅಂಥ ಕಡೆ ಮನೆ ಕೊಂಡಿದ್ದರೆ ತಿಳಿಸಿ. ಜಮಾಖರ್ಚಿನ ಪುಸ್ತಕವನ್ನಷ್ಟೇ ಅಲ್ಲ, ಅದರ ಹಿಂದಿನ ವೋಚರುಗಳನ್ನೂ ಕೆಲಸದ ದಿನ ಗೊತ್ತಾದ ಹೊತ್ತಿನಲ್ಲಿ ಮಾಲೀಕರು ನೋಡಲು ತೆರೆದಿಡಬೇಕೆಂದೂ, ವರ್ಷಕ್ಕೊಮ್ಮೆ ಹೊರಗಿನ ಲೆಕ್ಕ ತಪಾಸಿಗರಿಂದ ತಪಾಸಣೆ ಮಾಡಿಸಬೇಕೆಂದೂ ಆ ಕಾಯಿದೆ ಹೇಳುತ್ತದೆ. ಆದರೆ ಅಲ್ಲಿ ಮಾದರಿ ಉಪವಿಧಿಯ ಪ್ರಕಾರ ವೋಟಿನ ತೂಕ ಮನೆಯ ಪಾಲಿನ ಪ್ರಮಾಣಕ್ಕೆ ತಕ್ಕಂತೆ. ದೊಡ್ಡ ಮನೆಗೆ ದೊಡ್ಡ ವೋಟು! ಇದು ನನಗೆ ಹಿಡಿಸದ ಮಾತು. ಸೋರುವ ತೊಟ್ಟಿಯ ನೀರು ಚಿಕ್ಕ ಮನೆಯವನಿಗೂ ಅಷ್ಟೇ ಬೇಕು.

ಒಬ್ಬನಿಗೆ ಒಂದೇ ವೋಟು ಎಂಬುದು ಮೇಲಿನವರು ದಯಪಾಲಿಸಿದ ಸೂತ್ರವಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿಯ ಊರಿನಲ್ಲಿ 28 ಮಂದಿ ಸಹಕಾರದ ಅಂಗಡಿ ತೆರೆದರು. ಅವರಲ್ಲಿ ನೇಕಾರರು ಹಲವರು. ಬಂಡವಾಳ ಎಷ್ಟೇ ಹಾಕಿರಲಿ ವೋಟು ಒಂದೇ, ಲೆಕ್ಕವನ್ನು ಆಗಾಗ ಸದಸ್ಯರ ಮುಂದೆ ಇಡತಕ್ಕದ್ದು ಎಂಬುದು ಅವರ ನಿಯಮ. ನಮ್ಮ ನಾಡಿನಲ್ಲೇ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದರು. ಹಳ್ಳಿಯ ಸಂಘ ಲೆಕ್ಕ ಇಟ್ಟು ನಡೆಯಬಲ್ಲುದು ಎಂದು ನೂರು ವರ್ಷಕ್ಕೂ ಹಿಂದೆಯೇ ತೋರಿಸಿದ್ದಾರೆ.

ಲೆಕ್ಕ ಮುಚ್ಚಿಟ್ಟ ಸಂಘಗಳ ಕತೆಯೂ ನಮ್ಮಲ್ಲೇ ಉಂಟು. 1980ರ ದಶಕದಲ್ಲಿ ಬೆಂಗಳೂರಿನ ಗೃಹ ನಿರ್ಮಾಣ ಸಹಕಾರ ಸಂಘಗಳ ಮೇಲೆ ದೂರು ಹೆಚ್ಚಿ, ಜಿ.ವಿ.ಕೆ. ರಾವ್ ಅವರಿಂದ ವಿಚಾರಣೆಯಾಯಿತು. ಅರ್ಹತೆಯಿಲ್ಲದವರನ್ನು ಸದಸ್ಯರೆಂದು ಸೇರಿಸಿಕೊಂಡದ್ದು, ಮಧ್ಯವರ್ತಿಗಳ ಕೈಗೆ ವ್ಯವಹಾರ ಕೊಟ್ಟದ್ದು ಬಯಲಾಯಿತು. ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘದ ಮೊಕದ್ದಮೆಯಂತೂ ದೆಹಲಿಯವರೆಗೆ ಹೋಯಿತು. ಸರ್ಕಾರದಿಂದ ಜಮೀನಿನ ಸ್ವಾಧೀನ ಮಾಡಿಸಿಕೊಡಲು ಮಧ್ಯವರ್ತಿಯೊಡನೆ ಸಂಘ ಹಣದ ಕರಾರು ಮಾಡಿಕೊಂಡಿತ್ತು. ಹೈಕೋರ್ಟು ಆ ಸ್ವಾಧೀನವನ್ನು ರದ್ದುಮಾಡಿತು, 1995ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು ಜಮೀನು ಅದರ ಒಡೆಯರಿಗೆ ಹಿಂತಿರುಗಬೇಕೆಂದಿತು. ನ್ಯಾಯವೇ ಆಯಿತು. ಆದರೆ ನಿವೇಶನದ ಆಸೆಗೆ ಸಂಬಳದಲ್ಲಿ ಉಳಿಸಿ ಹಣ ಕಟ್ಟಿದ ಸಾಮಾನ್ಯ ನೌಕರನನ್ನು ನೆನೆಯಿರಿ. ಕಾರ್ಮಿಕನ ಹೆಸರಿನಲ್ಲಿ ರೈತನ ಜಮೀನು ಹೋಗಲಿತ್ತು, ಕಡೆಗೆ ಆ ಜಮೀನು ಕಾರ್ಮಿಕನಿಗೂ ದಕ್ಕಲಿಲ್ಲ. ಆ ಕರಾರನ್ನು ಮಹಾಸಭೆಯ ನಡುವೆ ಎಲ್ಲರೆದುರಿಗೆ ಓದಿದ್ದರೆ ಅದು ಒಂದು ದಿನವಾದರೂ ನಿಲ್ಲುತ್ತಿತ್ತೆ?

ಮಂಡಳಿಯವರ ಕಡೆಯ ಮಾತೂ ಇದೆ, ಅದನ್ನು ಮರೆಯಬಾರದು. ಸಂಬಳವಿಲ್ಲದ ಕೆಲಸ ಅವರದು. ಪಂಪು ಕೆಟ್ಟರೆ ನಡುರಾತ್ರಿ ಅವರ ಬಾಗಿಲು ಬಡಿಯುತ್ತೇವೆ. ಚಂದಾ ಕಟ್ಟದ ಮನೆಗಳು ಹದಿನೆಂಟು ಇವೆಯೆಂದು ಅವರು ಹೇಳುತ್ತಾರೆ. ಇದ್ದೀತು. ಲೆಕ್ಕ ಕೊಡುವವರೆಗೆ ಚಂದಾ ನಿಲ್ಲಿಸೋಣ ಎಂದು ಕೆಲವು ಹುಡುಗರು ನನ್ನ ಹತ್ತಿರ ಬಂದರು. ಬೇಡವೆಂದೆ. ಹಣ ನಿಂತರೆ ಮೊದಲು ನಿಲ್ಲುವುದು ಕಾವಲುಗಾರನ ಸಂಬಳ, ಕಸ ಗುಡಿಸುವ ತಾಯಿಯ ಸಂಬಳ. ಹೋದ ದೀಪಾವಳಿಗೆ ಆಕೆಗೆ ಎರಡು ತಿಂಗಳ ಬಾಕಿ ಇತ್ತು. "ಮಾಲೀಕರು ಚಂದಾ ಕೊಟ್ಟಿಲ್ಲವಂತೆ ಅಣ್ಣಾ" ಎಂದು ನನ್ನ ಮುಂದೆಯೇ ಹೇಳಿದಳು. ನಾನೂ ಒಬ್ಬ ಮಾಲೀಕನಲ್ಲವೆ? ಆ ತಿಂಗಳ ಚಂದಾ ಕಟ್ಟಿದ ಪಾವತಿ ನನ್ನ ಜೇಬಿನಲ್ಲೇ ಇತ್ತು. ಆ ಹಣ ಎಲ್ಲಿಗೆ ಹೋಯಿತೆಂದು ಆಕೆಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆದುದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ. ಭಾನುವಾರ ಮಹಾಸಭೆ ಕರೆಯಿರಿ. ಮೂರು ವರ್ಷದ ವೋಚರುಗಳನ್ನು ಒಂದು ವಾರ ಮುಂಚಿತವಾಗಿ ದೇವಸ್ಥಾನದ ಕಟ್ಟೆಯ ಮೇಲಾದರೂ ಸರಿ, ಎಲ್ಲರೂ ನೋಡುವಂತೆ ಇಡಿ. ತೊಟ್ಟಿಯ ಕೆಲಸದ ಬಿಲ್ಲನ್ನು ಗಾರೆ ಕೆಲಸ ಬಲ್ಲ ನಮ್ಮವರೇ ಇಬ್ಬರು ಅಳತೆ ಮಾಡಿ ನೋಡಲಿ. ಲೆಕ್ಕ ಸರಿಯಿದ್ದರೆ ಈ ಮಂಡಳಿಗೇ ಮತ್ತೆ ವೋಟು ಹಾಕುವವರಲ್ಲಿ ನಾನು ಮೊದಲಿಗ. ಹಿಂದಿನ ಸಾಲಿನ ಮಿತ್ರರು ಈ ಮಾತನ್ನು ಕಾರ್ಯದರ್ಶಿಗಳಿಗೆ ಮುಟ್ಟಿಸಬೇಕಾಗಿ ಕೇಳಿಕೊಳ್ಳುತ್ತೇನೆ.

ಅವರು ಒಪ್ಪದಿದ್ದರೆ ಅರ್ಜಿ ಸಿದ್ಧವಾಗಿದೆ. ಸಂಘದ ಸದಸ್ಯರು 120. ಬೇಕಾದ ರುಜು 40. ನಿನ್ನೆ ರಾತ್ರಿಯವರೆಗೆ ಆದದ್ದು 31. ಅರ್ಜಿ ಬಾಗಿಲ ಪಕ್ಕದ ಮೇಜಿನ ಮೇಲಿದೆ, ಕನ್ನಡದಲ್ಲೇ ಇದೆ, ಎರಡು ಪುಟ. ದಯವಿಟ್ಟು ಪೂರ್ತಿ ಓದಿ, ಆಮೇಲೆ ರುಜು ಹಾಕಿ.