ಏಳು ಮನೆಯ ವಂತಿಗೆ
(ವಿದ್ಯಾರ್ಥಿನಿಧಿಯ ದಾನದಿನದಂದು ಮಾಡಿದ ಭಾಷಣ)



ವಕೀಲನಾದ ನಾನು ಅನೇಕ ಮೃತ್ಯುಪತ್ರಗಳನ್ನು ಕಂಡಿರುವೆನು. ಹೆಚ್ಚಿನವು ಸ್ವಂತ ಕುಲವನ್ನು ದಾಟುವುದಿಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರಾದರೋ ತಮ್ಮ ಆಸ್ತಿಯನ್ನು ವಿದ್ಯೆಗೆ ಬರೆದಿಟ್ಟರು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆಯುವುದಕ್ಕೆ ಅರಟಾಳ ರುದ್ರಗೌಡರೂ ರೊದ್ದ ಶ್ರೀನಿವಾಸರಾಯರೂ ಮುಂದಾಗಿ ಕೂಡಿಸಿದ ಜನರ ವಂತಿಗೆಯು ನೆರವಾಯಿತು.

ನಮ್ಮಲ್ಲಿ ದೇಸಗತಿಯಿಲ್ಲವೆನ್ನುವಿರಾ? ವಾರಾನ್ನವಿಕ್ಕಿದ ತಾಯಂದಿರಲ್ಲಿಯೂ ಅದಿರಲಿಲ್ಲ; ಏಳು ಮನೆಗಳು ದಿನಕ್ಕೊಂದರಂತೆ ಉಣಿಸಿ ಒಬ್ಬ ಹುಡುಗನನ್ನು ಓದಿಸಿದವು. ಆ ಪದ್ಧತಿಯು ಅಳಿಯಿತು. ಪರೀಕ್ಷೆಯ ಶುಲ್ಕ, ವಸತಿಗೃಹದ ಊಟದ ವೆಚ್ಚ, ಪುಸ್ತಕಗಳ ಬೆಲೆ ಇವು ಅಳಿಯಲಿಲ್ಲ. ಇವುಗಳಿಗಂಜಿ ವಿಶ್ವವಿದ್ಯಾಲಯವನ್ನು ಬಿಡಲಿರುವ ಹುಡುಗನೋ ಹುಡುಗಿಯೋ ನಿಮ್ಮ ಓಣಿಯಲ್ಲಿಯೇ ಇರಬಹುದು.

ಏಳು ಮನೆಗಳು ಕೂಡಿ ಒಬ್ಬರ ಭಾರವನ್ನು ಹೊರಲಿ. ಮೊದಲನೆಯ ಮನೆಯು ನನ್ನದು. ಉಳಿದ ಆರು ಹೆಸರುಗಳನ್ನು ಈ ಸಭೆಯಲ್ಲಿಯೇ ಬರೆಯಿಸಿರಿ.